ಕೂಡದ ಎಲುಬಿಗೆ ಮೈಯಾಗಿನದೇ ಎಲುಬು

ತಾಂಡೂರಿನ ಕಲ್ಲಿನ ಖಣಿಯಾಗ ನೆಲಕ್ಕ ಹಾಸೋ ಪರಸಿ ಕಲ್ಲು ಹೊರೋದು ಇಬ್ಬರ ಜೋಡಿ ಕೆಲಸ. ಈಶಪ್ಪ, ಖಂಡೆಪ್ಪ ಹತ್ತು ವರ್ಷದ ಜೋಡಿ. ಎಂಬತ್ಮೂರನೇ ಇಸ್ವಿ ಶ್ರಾವಣದಾಗ ಪರಸಿ ಜಾರಿ ಬಿದ್ದು ಇಬ್ಬರದೂ ಕಾಲು ಮುರೀತು.

ಖಂಡೆಪ್ಪ ಹೈದರಾಬಾದಿನ ದವಾಖಾನಿಗೆ ಹೋದ. ಈಶಪ್ಪ ಊರಾಗೇ ಕಾಲಿಗೆ ಬಿದಿರುದಬ್ಬಿ ಕಟ್ಟಿಸ್ಕೊಂಡ. ಸುಮ್ನ ಮಲಗಿದ್ನೇನು? ಪ್ರತಿ ಸೋಮವಾರ ಕಟ್ಟು ಬಿಚ್ಚಿ, ಎಣ್ಣಿ ತಿಕ್ಕಿಸಿ, ಕಾಲೂರಿ ನೋಡತಿದ್ದ. ಕೂಡೋ ಎಲುಬು ಪ್ರತಿ ವಾರ ಅಲುಗಾಡಿ ಬಿಡತಿತ್ತು.

ವರ್ಷ ಕಳೀತು. ಖಂಡೆಪ್ಪ ಖಣಿಗೆ ಹೊಂಟ. ಈಶಪ್ಪ ಹೊರಸಿನ ಮ್ಯಾಲೇ ಉಳದ. ತಾನು ಹಿಡೀತಿದ್ದ ಪರಸಿ ತುದಿ ಈಗ ಮಾಣಿಕಪ್ಪ ಅನ್ನೋ ಇನ್ನೊಬ್ಬ ಕೂಲಿಯವ ಹಿಡೀತಾನ ಅಂತ ಕೇಳಿದ ದಿನ ಅವಗ ಅನ್ನ ಇಳೀಲಿಲ್ಲ. ಗೆಳೆಯ ನಡದಾಡೋದು ನೋಡಿದ್ರ ಹೊಟ್ಯಾಗ ಕೆಂಡ ಬೀಳತಿತ್ತು. ಇವನ ಕಾಲು ಇನ್ನೊಮ್ಮಿ ಮುರೀಲಿ ಅಂತ ಸೈತ ಅನಸ್ತು. ಕಡೀಕ ಒಂದು ಸುಳ್ಳು ಹುಟ್ಟಿಸಿ ಬಿಟ್ಟ, "ಖಂಡೆಪ್ಪನ ಕಾಲಾಗ ಹೆಣದ ಎಲುಬು ಹಾಕ್ಯಾರಂತ."

ಊರ ಬಾಯಿಗೆ ಬೇಕಾದದ್ದೇ ಅದು. ಖಂಡೆಪ್ಪನ ಮನಿ ನೀರು ಕುಡಿಯೋದು ಸೈತ ಕೆಲವರು ಬಿಟ್ರು.

ಒಂದಿನ ಖಂಡೆಪ್ಪನೇ ಬಂದ. "ನಡಿ ಈಶಪ್ಪ, ದವಾಖಾನಿಗೆ ಹೋಗಮು. ನಂದೂ ಮೊದಲು ಕೂಡಿದ್ದಿಲ್ಲ. ಆಪರೇಷನ್ ಮಾಡಿ ಎಲುಬು ತುಂಬಿದ ಮ್ಯಾಲೇ ಕೂಡ್ತು."

ಈಶಪ್ಪ ಹೂಂ ಅನ್ನೋದ್ರಾಗ ಹೆಂಡತಿ ಪೀರಮ್ಮ ಅಡ್ಡ ನಿಂತಳು. "ಬ್ಯಾಡ್ರಿ ಅಣ್ಣಾ. ಹೆಣದ ಎಲುಬು ಹಾಕಿಸ್ಕೊಂಡು ಬಂದ್ರ ಇವ್ರಿಗಿ ನಾ ಹೊಸ್ತಿಲು ದಾಟಗೊಡಲ್ಲ."

"ಹೆಣದ್ದು ಅಂತ ಯಾರು ಹೇಳ್ಯಾರವ್ವಾ?"

"ಇವ್ರೇ ಹೇಳ್ಯಾರ."

ಈಶಪ್ಪ ತಲಿ ತಗ್ಗಿಸ್ದ. ಸುಮ್ನಿದ್ರ ಕಾಲು ಹೋಗ್ತದ, ಬಾಯಿ ಬಿಟ್ರ ಮಾನ ಹೋಗ್ತದ. "ಸುಳ್ಳು ಅದು. ನಾನೇ ಹುಟ್ಟಿಸಿದ್ದು. ಇವ ನಡಿಯೋದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ."

ಖಂಡೆಪ್ಪ ಧೋತರ ಸರಿಸಿ ಟೊಂಕದ ಮ್ಯಾಲಿನ ಗಾಯದ ಗುರುತು ತೋರಿಸ್ದ. "ಇಲ್ಲಿಂದ ನಂದೇ ಎಲುಬಿನ ಚೂರು ತಗದು, ಮುರಿದಲ್ಲಿ ತುಂಬ್ಯಾರವ್ವಾ. ಗ್ವಾಡಿ ಸಂದಿಗೆ ಸಣ್ಣ ಕಲ್ಲಿನ ಚಕ್ಕಿ ಬಡದಂಗ. ಅದರ ಆಸರಕ್ಕ ಹೊಸ ಎಲುಬು ಬೆಳೀತದ."

ಪೀರಮ್ಮ ಆ ಗುರುತು ಕೈಲೆ ಮುಟ್ಟಿ ನೋಡಿದಳು. ಗಂಡನ ಕಡಿ ತಿರುಗಿ, "ನಿಮ್ಮ ಹೊಟ್ಟಿಕಿಚ್ಚಿಗೆ ನಿಮ್ಮ ಕಾಲೇ ಸುಡತಿತ್ತಲ್ರಿ" ಅಂದು, ಬುತ್ತಿ ಕಟ್ಟಾಕ ಹೋದಳು.

"ನನ್ನ ಮ್ಯಾಲ ಸಿಟ್ಟಿಲ್ಲೇನು?" ಈಶಪ್ಪ ಕೇಳ್ದ.

"ಅದ. ರಗಡ ಅದ. ಬಸ್ಸಿನಾಗ ಬೈತೀನಿ, ಏಳು."

ಓದೋ ಅಕ್ಕಂದಿರೇ, ಅಣ್ಣಂದಿರೇ, ಎಲುಬು ಮುರಿದ್ರ ತಿಕ್ಕಿಸಬ್ಯಾಡ್ರಿ, ಕಟ್ಟು ಪದೇ ಪದೇ ಬಿಚ್ಚಬ್ಯಾಡ್ರಿ. ತಡಾ ಮಾಡದೆ ದವಾಖಾನಿಗೆ ಹೋಗಿ ಎಕ್ಸ್‌ರೇ ತಗಸ್ರಿ. ತಿಂಗಳುಗಟ್ಟಲೆ ಕೂಡದಿದ್ರ ಎಲುಬು ತುಂಬೋ ಆಪರೇಷನ್ ಅದ. ಯಾರಿಗೆ ಬೇಕು, ಯಾರಿಗೆ ಬ್ಯಾಡ ಅಂತ ಡಾಕ್ಟರು ಹೇಳತಾರ. ಬೀಡಿ ಸೇದಿದ್ರ ಎಲುಬು ತಡವಾಗಿ ಕೂಡ್ತದ, ಅದನ್ನ ಬಿಡ್ರಿ. ನೆರೆಮನಿಯವನ ಕಾಲು ನೆಟ್ಟಗಾದ್ರ ಹೊಟ್ಟಿ ಉರಕೋಬ್ಯಾಡ್ರಿ. ಹೆಂಗಾತು ಅಂತ ಅವನನ್ನೇ ಕೇಳ್ರಿ.