ಶುಕ್ರವಾರ ಶೇರು ಮಾರಬಾರದು

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಕ್ಯುಪರ್ಟಿನೋದ ಆ ಮನೆಯ ಬಾಗಿಲು ಬಡಿದವನು ದೇವರಾಜು. ಮಾರ್ಗನ್ ಹಿಲ್‌ನಿಂದ ಒಂದೇ ಉಸಿರಿಗೆ ಕಾರು ಓಡಿಸಿಕೊಂಡು ಬಂದಿದ್ದ. ಬಾಗಿಲು ತೆರೆದ ದ್ವಾರಕಾನಾಥರಿಗೆ ಅವನ ಮುಖ ನೋಡಿದ ಮೇಲೆ ಏಕೆ ಬಂದಿರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಪೈಪ್‌ಲೈನ್ ಕಂಪನಿಯೋರು ಡಿವಿಡೆಂಡು ಅರ್ಧ ಮಾಡ್ಬುಟ್ಟವ್ರೆ ಸಾರ್. ಈಗ ನ್ಯೂಸ್ ಬಂತು. ಮಾರ್ಕೆಟ್ ಓಪನ್ ಆಯ್ತಿದ್ದಂಗೆ ಬಿದ್ದೋಯ್ತದೆ ಅಂತಾವ್ರೆ. ಏನ್ ಮಾಡ್ಲಿ ಹೇಳಿ. ಮಾರ್ಬುಡ್ಲಾ, ಇಟ್ಕಳ್ಲಾ?"

ಪ್ರಶ್ನೆ ಹೊಸದಲ್ಲ. ಕೆನಡಾದ ಟೊರಾಂಟೋದಲ್ಲಿ ಹನ್ನೊಂದು ವರ್ಷ ಇದ್ದು ಬಂದ ದ್ವಾರಕಾನಾಥರಿಗೆ ಭಾನುವಾರದ ಕನ್ನಡ ಕ್ಲಾಸಿನ ಹೊರಗೆ ಇದೇ ಕೆಲಸ. ಮಕ್ಕಳು ಒಳಗೆ ಕಾಗುಣಿತ ಒಪ್ಪಿಸುವಾಗ ಅಪ್ಪ ಅಮ್ಮಂದಿರು ಪಾರ್ಕಿಂಗ್ ಲಾಟಿನಲ್ಲಿ ಇವರನ್ನು ಮುತ್ತಿಕೊಳ್ಳುತ್ತಿದ್ದರು. ಕೆನಡಾದ ಬ್ಯಾಂಕು ಒಳ್ಳೆಯದೋ ರೈಲ್ವೇ ಒಳ್ಳೆಯದೋ? ಕಂಪನಿ ಹಂಚುವ ಡಿವಿಡೆಂಡಿನಲ್ಲಿ ಅಲ್ಲಿಯವರು ಟ್ಯಾಕ್ಸು ಮುರಿದುಕೊಳ್ಳುತ್ತಾರಂತೆ, ರಿಟೈರ್ಮೆಂಟ್ ಅಕೌಂಟಿನಲ್ಲಿಟ್ಟರೆ ಉಳಿಯುತ್ತದೆಯೇ? ಕೆನಡಾ ಡಾಲರು ಇಳಿದರೆ ನಮ್ಮ ಗತಿಯೇನು? ಇವರೂ ಗಂಟಲು ಸರಿಮಾಡಿಕೊಂಡು, ದೊಡ್ಡ ಮನುಷ್ಯರ ಗತ್ತಿನಲ್ಲಿ ಹೇಳುತ್ತಿದ್ದರು. ಕೊನೆಗೆ ಮೂವತ್ತೆರಡು ಸಂಸಾರಗಳ ವಾಟ್ಸಾಪ್ ಗ್ರೂಪೇ ಹುಟ್ಟಿಕೊಂಡಿತು. ಅದಕ್ಕೆ ಇವರು ಹಾಕಿದ ಕಟ್ಟಳೆ ಒಂದೇ: ಶುಕ್ರವಾರ ಯಾರೂ ಮಾರಕೂಡದು, ಲಕ್ಷ್ಮಿಯನ್ನು ಮನೆಯಿಂದ ಆಚೆ ಕಳಿಸಿದಂತಾಗುತ್ತದೆ. ತಮಾಷೆಗೆ ಹೇಳಿದ್ದು. ಪಿಎಚ್‌ಡಿ ಮಾಡಿದವರೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು!

ಟೊರಾಂಟೋ ಮಾರ್ಕೆಟ್ಟಿನಲ್ಲಿ ಮಾತ್ರ ಸಿಗುವ ಆ ಪೈಪ್‌ಲೈನ್ ಕಂಪನಿಯನ್ನೂ ಇವರೇ ತೋರಿಸಿದ್ದು. ದೇವರಾಜು ಮನೆಯ ಡೌನ್ ಪೇಮೆಂಟಿಗೆಂದು ಕೂಡಿಟ್ಟಿದ್ದ ಎಂಬತ್ತು ಸಾವಿರ ಡಾಲರನ್ನು ಪೂರ್ತಿ ಅದರಲ್ಲಿ ಹಾಕಿದ್ದ. ಮುಂದಿನ ಗುರುವಾರ ಹಣ ಕಟ್ಟಬೇಕು. ಇಲ್ಲವಾದರೆ ಮನೆ ಕೈತಪ್ಪುತ್ತದೆ.

ದ್ವಾರಕಾನಾಥರು ತಮ್ಮ ಶೇರನ್ನೆಲ್ಲ ನಿನ್ನೆ ಬೆಳಿಗ್ಗೆ ಏಳಕ್ಕೇ ಮಾರಿದ್ದರು. ಯಾರೂ ಗುಟ್ಟು ಹೇಳಿರಲಿಲ್ಲ. ಕಂಪನಿಯ ಸಾಲದ ಲೆಕ್ಕ ಓದುತ್ತ ಎದೆ ಧಸಕ್ಕೆಂದಿತ್ತು. ನಾಳೆ ಶುಕ್ರವಾರ ಬೇರೆ ಎಂದು ಗುರುವಾರವೇ ಕೈತೊಳೆದುಕೊಂಡಿದ್ದರು. ಗ್ರೂಪಿನಲ್ಲಿ ಮಾತ್ರ ಹೇಳಲಿಲ್ಲ. ಭಾನುವಾರವಷ್ಟೇ "ನಾನಂತೂ ಅಲ್ಲಾಡಲ್ಲ" ಎಂದು ಬರೆದವರಿಗೆ ನಾಲ್ಕೇ ದಿನಕ್ಕೆ ಮಾತು ತಿರುಗಿಸಲು ನಾಚಿಕೆ. ಬೇರೆಯವರ ದುಡ್ಡಿನಲ್ಲಿ ನಾಚಿಕೊಳ್ಳುವುದು ಎಷ್ಟು ಸುಲಭ ನೋಡಿ.

ಹೆಂಡತಿ ಮೈಥಿಲಿ ಕಾಫಿ ತಂದಿಟ್ಟರು. ಗಂಡ ಮಾರಿದ್ದು ಅವರಿಗೆ ಗೊತ್ತು. ಲೋಟ ಇಟ್ಟವರು ಒಳಗೆ ಹೋಗದೆ ಅಲ್ಲೇ ನಿಂತರು. ಗಡಿಯಾರದಲ್ಲಿ ಆರೂ ಹನ್ನೆರಡು. ಟೊರಾಂಟೋದಲ್ಲಿ ಒಂಬತ್ತೂವರೆ ಎಂದರೆ ಇಲ್ಲಿ ಆರೂವರೆ; ಆಗ ಮಾರ್ಕೆಟ್ಟು ತೆರೆಯುತ್ತದೆ.

"ನಮ್ಮವ್ವ ಬ್ಯಾಡ ಅಂತದೆ ಸಾರ್," ಎಂದ ದೇವರಾಜು. "ಶುಕ್ರವಾರ ಲಕ್ಷ್ಮೀನ ಕಳಿಸ್ಬ್ಯಾಡ, ಸೋಮವಾರ ಮಾರು ಅಂತು. ನೀವೂ ಅದ್ನೇ ಅಲ್ವಾ ಹೇಳಿರೋದು? ನೀವ್ ಇಟ್ಕಂಡಿದ್ರೆ ನಾನೂ ಇಟ್ಕತೀನಿ. ನಂಗೇನ್ ಭಯ?"

ತಪ್ಪಿಸಿಕೊಳ್ಳುವ ದಾರಿಯನ್ನು ಅವನೇ ತೋರಿಸಿಬಿಟ್ಟಿದ್ದ. ನಿಮ್ಮ ತಾಯಿ ಹೇಳಿದ್ದೇ ಸರಿ ಎಂದರೆ ಮುಗಿಯಿತು. ಕಾಫಿ ಕುಡಿದು ಎದ್ದು ಹೋಗುತ್ತಾನೆ, ಇವರ ಮಾನವೂ ಉಳಿಯುತ್ತದೆ. ಆದರೆ ಸೋಮವಾರ ಕೆನಡಾದಲ್ಲಿ ವಿಕ್ಟೋರಿಯಾ ಡೇ, ಮಾರ್ಕೆಟ್ಟಿಗೆ ರಜ. ಇವತ್ತು ಬಿಟ್ಟರೆ ಮಂಗಳವಾರವೇ. ಅಷ್ಟರಲ್ಲಿ ಎಷ್ಟು ಉಳಿದಿರುತ್ತದೋ ದೇವರೇ ಬಲ್ಲ. ಇಲ್ಲಿಯ ರಜಗಳನ್ನಷ್ಟೇ ತಿಳಿದ ದೇವರಾಜುವಿಗೆ ಅದು ಗೊತ್ತಿರಲಿಲ್ಲ.

ಫೋನು ಮೇಜಿನ ಮೇಲೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಹೋಲ್ಡಾ ಸಾರ್, ಇಟ್ಕೊಳ್ಳೋಣ್ವಾ, ಎಂದು ಗ್ರೂಪಿನಲ್ಲಿ ಸುಜಯ್ ಬರೆದಿದ್ದ. ಇವತ್ತು ಶುಕ್ರವಾರ, ಸುಮ್ನಿರೋಣ ಅಲ್ವಾ ಅಂಕಲ್, ಎಂದು ಶರಣ್ಯಾ.

"ರೀ," ಎಂದರು ಮೈಥಿಲಿ.

ಆರೂ ಹತ್ತೊಂಬತ್ತು. ದ್ವಾರಕಾನಾಥರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮಾರಿಬಿಡಿ ದೇವರಾಜು," ಎಂದರು. "ಇವತ್ತೇ, ಓಪನ್ ಆದ ತಕ್ಷಣ. ಸೋಮವಾರ ಅಲ್ಲಿ ಮಾರ್ಕೆಟ್ ರಜ."

"ಶುಕ್ರವಾರ ಕಣ್ ಸಾರ್..."

"ಸುಡುಗಾಡು ಶುಕ್ರವಾರ! ನಾನು ತಮಾಷೆಗೆ ಹೇಳಿದ್ದು ಅದು."

"ನೀವೂ ಇವತ್ತೇ ಮಾರ್ತೀರಾ?"

ಹೌದು ಎಂದುಬಿಡಬಹುದಿತ್ತು. ಯಾರು ಹೋಗಿ ನೋಡುತ್ತಾರೆ? ಮೈಥಿಲಿ ನೋಡುತ್ತಿದ್ದರು.

"ನಂದು ಮಾರಾಯ್ತು," ಎಂದರು. "ನಿನ್ನೆ ಬೆಳಿಗ್ಗೆ."

ದೇವರಾಜು ತನ್ನ ಫೋನಿನಲ್ಲಿ ನಿನ್ನೆಯ ಕರೆಯನ್ನು ಹುಡುಕಿದ. "ನಿನ್ನೆ ಹನ್ನೆರಡಕ್ಕೆ ಫೋನ್ ಮಾಡಿದ್ನಲ್ಲ ಸಾರ್. ಮಾರ್ಕೆಟ್ ಇನ್ನೂ ಓಪನ್ ಇತ್ತು. ಏನೂ ಯೋಚ್ನೆ ಮಾಡ್ಬೇಡಿ, ನೆಮ್ದಿಯಾಗಿರಿ ಅಂದ್ರಿ."

"ಅಂದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲಿಲ್ಲ. ದ್ವಾರಕಾನಾಥರು ತಮ್ಮ ಫೋನು ಎಳೆದುಕೊಂಡು ಗ್ರೂಪಿಗೆ ಬರೆದರು: ನಾನು ನಿನ್ನೆಯೇ ಮಾರಿದೆ. ನಿಮಗೆ ಹೇಳದೆ ತಪ್ಪು ಮಾಡಿದೆ. ಸೋಮವಾರ ಟೊರಾಂಟೋ ರಜ. ಮಾರುವವರು ಇವತ್ತೇ ಮಾರಿ. ಕಳಿಸಿದಾಗ ಆರೂ ಇಪ್ಪತ್ತಾರು. ಅಲ್ಲಿಯವರೆಗೆ ಗುಂಯ್‌ಗುಡುತ್ತಿದ್ದ ಫೋನು ಒಮ್ಮೆಗೇ ಸುಮ್ಮನಾಯಿತು.

ಆರೂವರೆಗೆ ದೇವರಾಜು ಮಾರಲು ತನ್ನ ಫೋನಿನ ಮೇಲೆ ಹೆಬ್ಬೆರಳು ಒತ್ತಿದ. ಎಂಬತ್ತು ಸಾವಿರದಲ್ಲಿ ಕೈಗೆ ಬಂದದ್ದು ಅರವತ್ತಮೂರು ಸಾವಿರ. ಕಾಫಿ ಮುಟ್ಟದೆ ಎದ್ದ. ದ್ವಾರಕಾನಾಥರು ಬಾಗಿಲವರೆಗೂ ಅವನ ಹಿಂದೆಯೇ ಬಂದರು.

ದೇವರಾಜು ಬಗ್ಗಿ ಶೂ ಲೇಸು ಕಟ್ಟಿಕೊಂಡು ತಲೆಯೆತ್ತಿದ. "ದುಡ್ ಬುಡಿ ಸಾರ್. ಹೆಂಗೋ ಲೋನ್ ತೆಗೀತೀನಿ, ಮನೆ ಆಯ್ತದೆ. ಮನೇಲಿ ನಮ್ಮವ್ವ ಕಾಯ್ತಾ ಕೂತದೆ. ಒಳಿಕ್ಕೆ ಹೋದೇಟ್ಗೆ, ಸಾರ್ ಏನಂದ್ರು ಅಂತ ಕೇಳ್ತದೆ. ಏನಂತ ಹೇಳ್ಲಿ?"