ಬ್ರೇಕಪ್ಪನ ಕೀ ಹಲಗೆ

ನಮ್ಮ ಕಚೇರಿಯ ಮೊಗಸಾಲೆಯಲ್ಲಿ ವಾಹನ ಸಂಚಾರವೆಂದರೆ ದಿನಕ್ಕೆರಡು ಬಾರಿ ಬರುವ ಚಹಾದ ಕೈಗಾಡಿಯೊಂದೇ. ಆದರೂ ಅಲ್ಲಿಯ ಪ್ರತಿ ತಿರುವಿನಲ್ಲೂ ನನ್ನ ಸಹೋದ್ಯೋಗಿಯೊಬ್ಬ ನಿಲ್ಲುತ್ತಿದ್ದ. ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಯಾವುದಕ್ಕೂ ಇರಲೆಂದು ಮತ್ತೊಮ್ಮೆ ಬಲಕ್ಕೆ ನೋಡಿ, ಆಮೇಲೆಯೇ ಹೆಜ್ಜೆ ಮುಂದಿಡುವುದು. ಆ ಮೊಗಸಾಲೆಯ ಚರಿತ್ರೆಯಲ್ಲಿ ನಡೆದ ಏಕೈಕ ಅಪಘಾತ ನನ್ನಿಂದಾದದ್ದು: ಬಿಸಿ ಚಹಾದ ಲೋಟ ಹಿಡಿದು ತಿರುವಿನಲ್ಲಿ ಧಾವಿಸಿ ಬಂದು ಆತನ ಎದೆಗೇ ಡಿಕ್ಕಿ ಹೊಡೆದೆ. ಆತ ಅಂಗಿ ಒರೆಸಿಕೊಳ್ಳುವ ಮೊದಲು ಗಡಿಯಾರ ನೋಡಿ ಹೊತ್ತು ಬರೆದುಕೊಂಡ. ಚಾಲಕರು ಆತನಿಗೆ ಬ್ರೇಕಪ್ಪನೆಂದು ನಾಮಕರಣ ಮಾಡಿದ್ದು ಸುಮ್ಮನೆ ಅಲ್ಲ.

ಆಸ್ಪತ್ರೆಗಳಿಗೂ ಅಂಗಡಿಗಳಿಗೂ ಔಷಧ ತಲುಪಿಸುವ ಕಂಪನಿ ನಮ್ಮದು; ನಲವತ್ತೆರಡು ವ್ಯಾನುಗಳು, ಅಧಿಕಾರಿಗಳ ಕೆಲವು ಕಾರುಗಳು. ಅವುಗಳ ಸ್ಟೀರಿಂಗ್ ಮುಟ್ಟುವ ಪ್ರತಿಯೊಬ್ಬನ ನಡವಳಿಕೆಯ ಇತಿಹಾಸವನ್ನೂ ವರ್ಷಕ್ಕೊಮ್ಮೆ ಲೈಸೆನ್ಸ್ ಕಚೇರಿಯಿಂದ ತರಿಸಿ, ಓದಿ, ಅವನ ಕೈಗೆ ಗಾಡಿ ಕೊಡಬಹುದೋ ಬಾರದೋ ಎಂದು ತೀರ್ಮಾನಿಸುವುದು ಬ್ರೇಕಪ್ಪನ ಉದ್ಯೋಗ. ಆತನ ಬೆನ್ನ ಹಿಂದಿನ ಗೋಡೆಯ ಮೇಲೆ ಕೀಗಳನ್ನು ನೇತುಹಾಕುವ ಹಲಗೆ. ಒಂದೊಂದು ತಪ್ಪಿಗೂ ಇಂತಿಷ್ಟು ಅಂಕ; ವರ್ಷದಲ್ಲಿ ಯಾರ ತಪ್ಪಿನ ಅಂಕ ಆರು ಮುಟ್ಟಿತೋ ಅವನ ಕೀ ಕೊಕ್ಕೆಯಿಂದಿಳಿದು ಬ್ರೇಕಪ್ಪನ ಬೂದುಬಣ್ಣದ ಕೋಟಿನ ಬಲಜೇಬಿಗೆ ಹೋಗುತ್ತಿತ್ತು. ಮೊಣಕೈಗೆ ತೇಪೆ ಬಿದ್ದ ಆ ಕೋಟಿನ ಬಲಜೇಬು ಜೋತು ಜೋತು, ಒಂದೇ ಮಗ್ಗುಲಿಗೆ ಸರಕು ಹೇರಿದ ಲಾರಿಯಂತೆ ಇಡೀ ಮನುಷ್ಯನೇ ಬಲಕ್ಕೆ ವಾಲಿ ನಡೆಯುತ್ತಿದ್ದ. ಕೀ ಕಳೆದುಕೊಂಡವನು ಬೈದರೂ ಅತ್ತರೂ ಆತನ ಉತ್ತರ ಒಂದೇ: “ನಾನಲ್ಲ ಸ್ವಾಮಿ, ಕಾಗದ ಹೇಳ್ತಿದೆ.”

ಆ ಮಾತಿನ ರುಚಿ ನನಗೂ ಗೊತ್ತು. ಕಂಪನಿಯ ಪತ್ರ, ಸುತ್ತೋಲೆಗಳನ್ನು ಬರೆಯುವವನು ನಾನು. ‘ನಿಧಾನವೇ ನೆಮ್ಮದಿ’ ಎಂಬ ಗೋಡೆಬರಹವನ್ನು ರಚಿಸಿದ ಕೀರ್ತಿಯೂ ನನ್ನದೇ. ಅದನ್ನು ಅಚ್ಚಿಗೆ ಕೊಟ್ಟು ಬರುವಾಗ ಒಮ್ಮೆ, ಅಚ್ಚಾದ ಹಾಳೆಗಳನ್ನು ತರಲು ಹೋದಾಗ ಇನ್ನೊಮ್ಮೆ, ಅತಿವೇಗಕ್ಕಾಗಿ ಸಿಕ್ಕಿಬಿದ್ದೆ. ಮೂರು ಮೂರು ಆರು.

“ಹೋಗ್ಲಿ ಬಿಡಿ ಮಾರಾಯ್ರೇ, ಇಬ್ರೂ ಒಂದೇ ಕೋಣೇಲಿ ಕೂರೋರು” ಎಂದು ಹಲ್ಲು ಗಿಂಜಿದೆ.

“ಅದಕ್ಕೇ ಹೇಳ್ತಿರೋದು. ನಾಳೆ ನಿಮ್ಮ ಕುರ್ಚಿ ಖಾಲಿ ಬಿದ್ರೆ ದಿನಾ ಅದನ್ನ ನೋಡ್ಕೊಂಡು ಕೂರೋನು ನಾನು ತಾನೇ?” ಎಂದು ಆತ ನನಗೆ ಕಂಪನಿ ಕೊಟ್ಟಿದ್ದ ಕಾರಿನ ಕೀಯನ್ನು ಜೇಬಿಗಿಳಿಸಿದ. ಎರಡು ತಿಂಗಳು ನಡೆದೆ. ನನ್ನ ಹೆಂಡತಿಗೆ ಮಾತ್ರ ಪರಮಾನಂದ: “ಇಪ್ಪತ್ತು ವರ್ಷ ನಾನು ಬಡ್ಕೊಂಡ್ರೂ ಕರಗದ ಹೊಟ್ಟೆ! ಪುಣ್ಯಾತ್ಮನ್ನ ಒಂದಿನ ಊಟಕ್ಕೆ ಕರೀರಿ.”

ನಾವು ವಾರಪತ್ರಿಕೆಯ ಧಾರಾವಾಹಿಯನ್ನು ಓದುವ ಏಕಾಗ್ರತೆಯಿಂದ ಆತ ಆ ಒಣ ದಾಖಲೆಗಳನ್ನು ಓದುತ್ತಿದ್ದ. ಒಬ್ಬ ಚಾಲಕನ ತಪ್ಪುಗಳೆಲ್ಲ ಸೋಮವಾರವೇ ನಡೆದಿದ್ದುದನ್ನು ಕಂಡು, “ಭಾನುವಾರ ಏನು ಮಾಡ್ತೀಯಪ್ಪಾ?” ಎಂದು ಮೆಲ್ಲಗೆ ಕೇಳಿ ಅವನ ಕುಡಿತವನ್ನು ಪತ್ತೆಹಚ್ಚಿದ್ದುಂಟು. ತಾರೀಖು, ಹೊತ್ತು, ರಸ್ತೆಯ ಹೆಸರು, ಇಷ್ಟರಲ್ಲೇ ಆತನಿಗೆ ಮನುಷ್ಯನ ಮುಖ ಕಾಣುತ್ತಿತ್ತು.

ಒಂಬತ್ತನೇ ವ್ಯಾನು ಆತನ ಸ್ವಂತ ಅಣ್ಣನದು. ಅರ್ಧಕ್ಕರ್ಧ ಚಾಲಕರಿಗೆ ಕ್ಲಚ್ಚು ಗೇರು ಕಲಿಸಿದ ಆ ಹಿರಿಯರನ್ನು ಎಲ್ಲರೂ ಗುರುಗಳೆಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಯಾರಿಗೂ ಒಂದು ತರಚುಗಾಯ ಮಾಡದ ಕೈ. ನಿವೃತ್ತಿಗೆ ಇನ್ನು ಏಳೇ ತಿಂಗಳು. ‘ಅಪಘಾತರಹಿತ’ ಎಂದು ಕೆತ್ತಿದ ಹಿತ್ತಾಳೆಯ ಪದಕ ಅವರಿಗಾಗಿ ಸಿದ್ಧವಾಗುತ್ತಿತ್ತು. ತಂದೆಯಿಲ್ಲದ ತಮ್ಮನನ್ನು ಸೈಕಲ್ಲಿನ ಮುಂಗಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರೂ ಇವರೇ, ಕೈಹಿಡಿದು ಕರೆತಂದು ಈ ಕಂಪನಿಗೆ ಸೇರಿಸಿದವರೂ ಇವರೇ.

ಆ ವರ್ಷ ಗುರುಗಳ ಹಾಳೆಯಲ್ಲಿ ಮೂರು ಸಾಲುಗಳಿದ್ದವು. ಮೂರೂ ಕ್ಷುಲ್ಲಕ, ಒಂದೊಂದೇ ಅಂಕದವು. ನಿಂತಿದ್ದ ಕಾರಿನ ಕನ್ನಡಿ ಮುರಿದದ್ದು. ಎಡಬದಿಯ ಕಂಬದಲ್ಲಿದ್ದ ಕೆಂಪು ಸಿಗ್ನಲ್ ದಾಟಿದ್ದು. ಎಡ ಪಾದಚಾರಿ ಮಾರ್ಗದಿಂದ ಇಳಿದ ಹೆಂಗಸಿಗೆ ದಾರಿ ಬಿಡದೆ ಹೋದದ್ದು. ಬ್ರೇಕಪ್ಪ ಆ ಹಾಳೆಯನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಮೂರನೆಯ ದಿನ ಬೆಳಗ್ಗೆ ಗುರುಗಳು ಎಂದಿನಂತೆ ಏಳು ಗಂಟೆಗೆ ಬಂದು ಹಲಗೆಗೆ ಕೈಹಾಕಿದಾಗ ಒಂಬತ್ತನೇ ಕೊಕ್ಕೆ ಖಾಲಿ.

“ನಂದೆಲ್ಲೋ?”

“ನನ್ನ ಜೇಬಲ್ಲಿದೆ ಅಣ್ಣ.”

ಗುರುಗಳು ನಕ್ಕರು. “ಎಷ್ಟಾಯ್ತು ನನ್ನ ಲೆಕ್ಕ?”

“ಮೂರು.”

“ಆರಾದ್ರೆ ತಾನೇ ನೀನು ಕಿತ್ಕೊಳ್ಳೋದು? ನಿನ್ನ ಕಾಗದ ಏನನ್ನುತ್ತೆ?”

“ಕೊಡು ಅನ್ನುತ್ತೆ.”

“ಮತ್ತೆ ಕೊಡು.”

ಬ್ರೇಕಪ್ಪ ಎದ್ದು ನಿಂತ. ಬಲಜೇಬಿನೊಳಗಿನ ಕೈಯನ್ನು ಹೊರತೆಗೆಯಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಆತನ ಬಾಯಿಂದ ಆ ಮಾತು ತಿರುವುಮುರುವಾಗಿ ಬಂತು: “ಕಾಗದ ಅಲ್ಲ ಅಣ್ಣ, ನಾನು ಹೇಳ್ತಿದೀನಿ. ನಿನಗೆ ಎಡಗಡೆ ಕಾಣ್ತಿಲ್ಲ.”

“ನಿನ್ನನ್ನ ಸೈಕಲ್ ಮೇಲೆ ಹೊತ್ಕೊಂಡು ತಿರುಗಿದವನು ನಾನು. ನನಗೆ ದಾರಿ ಕಾಣಲ್ಲ ಅಂತ ನೀನು ಹೇಳ್ತೀಯಾ?” ಎಂದರು ಗುರುಗಳು. ದನಿ ಏರಲಿಲ್ಲ, ಏರಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಚಹಾ ತರುವಾಕೆ ಬಂದು ಗುರುಗಳ ಎಡಕ್ಕೆ, ಒಂದು ಮೊಳ ದೂರದಲ್ಲಿ ಲೋಟ ಚಾಚಿ ನಿಂತಳು. ಅವರು ಅತ್ತ ತಿರುಗಲಿಲ್ಲ. ಆಕೆ ಚಾಚಿದ ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು. ಕಡೆಗೆ “ಗುರುಗಳೇ, ಟೀ” ಎಂದಾಗ ಅವರು ಬೆಚ್ಚಿಬಿದ್ದರು. ಕೋಣೆಯಲ್ಲಿದ್ದ ನಾವು ನಾಲ್ಕೈದು ಮಂದಿ ನಮ್ಮ ನಮ್ಮ ಕಾಲ್ಬೆರಳುಗಳನ್ನು ನೋಡಿಕೊಂಡೆವು. ‘ನೋಡಿದೆಯಾ’ ಎಂದು ಬ್ರೇಕಪ್ಪ ಹೇಳಬಹುದಿತ್ತು. ಅದರ ಬದಲು ಲೋಟವನ್ನು ಆಕೆಯಿಂದ ತೆಗೆದುಕೊಂಡು ಸುತ್ತಿ ಬಂದು ಅಣ್ಣನ ಬಲಗಡೆ ಇಟ್ಟ. ಗುರುಗಳು ಅದನ್ನು ಮುಟ್ಟದೆ ಹೊರಟುಹೋದರು.

ನಿಯಮದಲ್ಲಿಲ್ಲದ ಅಧಿಕಾರವನ್ನು ಚಲಾಯಿಸಿದ್ದಕ್ಕೆ ಮೇಲಿನವರು ವಿವರಣೆ ಕೇಳಿದರು. ಬರೆದುಕೊಡುವ ಹೊಣೆ ನನಗೆ ಬಂತು. ನಾನು ನನ್ನ ಸಮಸ್ತ ಅಲಂಕಾರಗಳನ್ನೂ ಬಳಸಿ ಒಂದೂವರೆ ಪುಟ ತುಂಬಿಸಿದೆ. ಆತ ಓದಿ, ಎಲ್ಲವನ್ನೂ ಹೊಡೆದುಹಾಕಿ, ‘ತೀರ್ಮಾನ ನನ್ನದು’ ಎಂಬ ಎರಡೇ ಪದ ಉಳಿಸಿ ಸಹಿ ಹಾಕಿದ. ನನ್ನ ಬರವಣಿಗೆಗೆ ಸಿಕ್ಕ ಅತ್ಯಂತ ನ್ಯಾಯವಾದ ವಿಮರ್ಶೆ ಅದು.

ಮೂರು ವಾರ ಅಣ್ಣ ತಮ್ಮನೊಡನೆ ಮಾತಾಡಲಿಲ್ಲ. ಕಡೆಗೆ ಅತ್ತಿಗೆಯೇ ಹಟ ಹಿಡಿದು ಗಂಡನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದು, ಅಲ್ಲಿಂದಲೇ ಮೈದುನನಿಗೆ ಫೋನು ಮಾಡಿದರು. ಕಣ್ಣೊಳಗಿನ ಒತ್ತಡ ಏರಿ ಎಡಗಣ್ಣಿನ ಹೊರಮಗ್ಗುಲ ನೋಟ ಸತ್ತುಹೋಗಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದಿಂದ ಕಾಪಾಡಿಕೊಳ್ಳಬಹುದು. ಫೋನಿಟ್ಟ ಬ್ರೇಕಪ್ಪನ ಮುಖದಲ್ಲಿ ಗೆದ್ದವನ ಕಳೆಯಿರಲಿಲ್ಲ. ಕಪಾಟಿನಿಂದ ಹಳೆಯ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟ. ಹಿಂದಿನ ವರ್ಷದ್ದು, ಗುರುಗಳದು. ಅದರಲ್ಲೂ ಒಂದು ಸಾಲು: ಎಡಬದಿಯ ಕಂಬಕ್ಕೆ ತಾಗಿಸಿದ್ದು. ಕೆಳಗೆ ಬ್ರೇಕಪ್ಪನ ಸಹಿ.

“ಅಣ್ಣಂದು ತಾನೇ ಅಂತ ಓದ್ದೇ ಸಹಿ ಹಾಕ್ಬಿಟ್ಟೆ ಸ್ವಾಮಿ. ಎಲ್ಲರದ್ದೂ ಓದಿದೆ, ಅವನದೊಂದು ಬಿಟ್ಟು. ಆವಾಗ್ಲೇ ಓದಿದ್ರೆ ಒಂದು ವರ್ಷದ ಬೆಳಕು ಉಳೀತಿತ್ತು.”

ಸಮಾಧಾನ ಹೇಳುವುದು ನನಗೆ ಬರುವ ವಿದ್ಯೆ. ಅಂದು ಆ ಹಾಳೆಯನ್ನೆತ್ತಿ ಕಪಾಟಿಗೆ ಮರಳಿಸಿದೆನಷ್ಟೆ.

ಉಳಿದ ತಿಂಗಳುಗಳನ್ನು ಗುರುಗಳು ಹೊಸ ಚಾಲಕರಿಗೆ ಪಾಠ ಹೇಳುತ್ತ ಅಂಗಳದಲ್ಲೇ ಕಳೆದರು, ಪದಕವೂ ಬಂತು. ಅದನ್ನವರು ತಮ್ಮನ ಕೋಟಿನ ಬಲಜೇಬಿಗೆ ಹಾಕಿ, “ಇದನ್ನೂ ನೀನೇ ಇಟ್ಕೋ” ಎಂದರು. ಸಿಟ್ಟೋ ಪ್ರೀತಿಯೋ ನನಗೆ ತಿಳಿಯಲಿಲ್ಲ. ಬಹುಶಃ ಇಬ್ಬರಿಗೂ ತಿಳಿದಿರಲಿಲ್ಲ. ಈಗಲೂ ಸಂಜೆ ಗುರುಗಳು ಗೇಟಿನವರೆಗೆ ಬಂದು ಕಾಯುತ್ತಾರೆ, ಇಬ್ಬರೂ ನಡೆದೇ ಮನೆಗೆ ಹೋಗುತ್ತಾರೆ. ತಿರುವಿನಲ್ಲಿ ಬ್ರೇಕಪ್ಪ ನಿಲ್ಲುತ್ತಾನೆ, “ಬಾರೋ, ಇಲ್ಲೊಂದು ನಾಯೀನೂ ಬರಲ್ಲ” ಎಂದು ಅಣ್ಣ ಗದರುತ್ತಾರೆ. ಬಲಕ್ಕೆ ವಾಲುವ ಆ ಮನುಷ್ಯ ಯಾವಾಗಲೂ ನಡೆಯುವುದು ಅಣ್ಣನ ಎಡಮಗ್ಗುಲಲ್ಲಿ.

ಇಂಥವರನ್ನು ನಾವು ಬೇಗ ಮೆಚ್ಚುವುದಿಲ್ಲ. ನಮ್ಮ ಕೈಯಿಂದ ಕೀ ಕಿತ್ತುಕೊಂಡ ಅವರ ಕೈಯನ್ನು ಮಾತ್ರ ಕಂಡು, ಆಯುಷ್ಯವಿಡೀ ಅದನ್ನೇ ನೆನೆದು ಹಲ್ಲು ಕಡಿಯುತ್ತೇವೆ. ಅದೇ ಕೈ ಆಮೇಲಿನ ದಾರಿಯುದ್ದಕ್ಕೂ ನಮಗೆ ಕಾಣದ ಮಗ್ಗುಲಲ್ಲಿ ಜೊತೆಗೆ ಬರುತ್ತಿರುತ್ತದೆ. ಕಾಣದ ಮಗ್ಗುಲಾದ್ದರಿಂದ ನಾವು ಅದನ್ನು ನೋಡಿರುವುದಿಲ್ಲ, ಅಷ್ಟೆ.