ಹಸುಗಳ ಬಾಗಿಲು

ಇಳಿಜಾರಿನ ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿ ವಿಲ್ಫ್ ಎಂಡಕಾಟ್‌ನ ಬೆನ್ನುಮೂಳೆ ಮುರಿಯಿತು. ಚಳಿಗಾಲವೆಲ್ಲ ಆಸ್ಪತ್ರೆಯಲ್ಲಿ ಮಲಗಿದ. ಜೀವ ಉಳಿಯಿತು, ಕಾಲಿನ ಬಲ ಉಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನವೇ ಅವನ ಹೆಂಡತಿ ರೋಡಾ ನನಗೆ ಹೇಳಿಕಳಿಸಿದಳು. ನಾನು ಇಂಗ್ಲೆಂಡಿನ ಈ ಡಾರ್ಟ್‌ಮೂರ್ ಗುಡ್ಡಸೀಮೆಯಲ್ಲಿ ಗಾರೆ ಕೆಲಸ ಮಾಡುವವನು. ಇಲ್ಲಿನ ಅರ್ಧ ಮನೆಗಳ ಗೋಡೆಗೆ ನನ್ನ ಕೈಯ ಸುಣ್ಣ ತಾಗಿದೆ.

"ಕುರ್ಚಿ ಒಳಗೆ ಹೋಗೋ ಹಾಗೆ ಏನಾದ್ರೂ ಮಾಡು ಲೆನ್," ಎಂದಳು. "ಇಲ್ಲಾಂದ್ರೆ ಅವನ ಅಕ್ಕ ಈಡಿತ್ ಅವನನ್ನ ಓಕ್‌ಹ್ಯಾಂಪ್ಟನ್ ಪೇಟೆಗೆ ತನ್ನ ಮನೆಗೆ ಕರ್ಕೊಂಡು ಹೋಗ್ತಾಳೆ. ಮೆಟ್ಟಿಲಿಲ್ಲ, ನೆಲಕ್ಕೆಲ್ಲ ಕಾರ್ಪೆಟ್ಟು, ಕಿಟಕಿ ತೆಗೆದ್ರೆ ಪಕ್ಕದ ಮನೆಯವರ ಕಾರು. ಅವನು ಅಲ್ಲಿ ಸೊರಗಿ ಹೋಗ್ತಾನೆ."

ಅವಳು ಹೇಳಿದ್ದು ನಿಜ. ಆಸ್ಪತ್ರೆ ಸೇರುವ ತನಕ ವಿಲ್ಫ್, ಮದುವೆಯಾದಾಗಲೂ, ಎರಡು ರಾತ್ರಿಗಿಂತ ಹೆಚ್ಚು ಈ ಮನೆ ಬಿಟ್ಟಿದ್ದವನಲ್ಲ.

ಮನೆ ಗುಡ್ಡದ ಇಳುಕಲಿನ ಉದ್ದಕ್ಕೆ ಮಲಗಿದೆ. ಒಂದೇ ಸೂರು. ಮೇಲಿನ ತುದಿಯಲ್ಲಿ ಜನ, ತಗ್ಗಿನ ತುದಿಯಲ್ಲಿ ದನ, ನಡುವೆ ಮನೆಯನ್ನು ಅಡ್ಡ ಹಾಯುವ ಒಂದು ಓಣಿ, ಜನ ಒಳಗೆ ಬರುವ ದಾರಿ. ಓಣಿಯಿಂದ ಅಡುಗೆಮನೆಗೆ ಹೋಗಲು ಓಕ್ ಹಲಗೆಯ ಅಡ್ಡಗೋಡೆ ದಾಟಬೇಕು. ಅದರಲ್ಲಿರುವ ಬಾಗಿಲು ಎಷ್ಟು ಕಿರಿದೆಂದರೆ ಬಕೆಟ್ ಹಿಡಿದವರು ಓರೆಯಾಗಿ ನುಸುಳುತ್ತಾರೆ. ಗಾಲಿಕುರ್ಚಿ ಅದಕ್ಕಿಂತ ಒಂದು ಅಂಗೈಯಷ್ಟು ಅಗಲ. ನಾನು ಗರಗಸ ತೆಗೆದುಕೊಂಡು ಹೋದೆ. ನೂರಾರು ವರ್ಷ ಹಿಂದಿನ ಬಡಗಿಯ ಉಳಿಯ ಗುರುತು ಇನ್ನೂ ಕಾಣುವ ಆ ಹಲಗೆಗಳ ಮುಂದೆ ಸ್ವಲ್ಪ ಹೊತ್ತು ನಿಂತೆ. ಗರಗಸದ ಸಮೇತ ವಾಪಸು ಬಂದೆ.

ಹಳೆಯ ಮನೆಗಳನ್ನು ಕಾಯುವ ಕಚೇರಿಯಿಂದ ಮಿಸ್ ಪ್ರೆಂಟಿಸ್ ಎಂಬ ಹುಡುಗಿ ಬಂದಳು. ರೋಡಾಳ ರಬ್ಬರ್ ಬೂಟು ಹಾಕಿಕೊಂಡು ಮನೆಯ ಮೂಲೆಮೂಲೆಗೂ ನುಗ್ಗಿ ನೋಡಿದಳು.

"ಈ ಹಲಗೆ ಕೊಯ್ಯೋಕೆ ನಾನು ಒಪ್ಪಿಗೆ ಕೊಡೋಕಾಗಲ್ಲ," ಎಂದಳು. "ಕೊಟ್ರೂ ನಿಮಗೆ ಮನಸ್ಸು ಬರುತ್ತಾ?"

ನಾನು ಉಳಿಯ ಗುರುತಿನ ಮೇಲೆ ಬೆರಳಾಡಿಸಿದೆ.

"ಆ ಕಡೆ ಮುಂಬಾಗಿಲು ಇದೆಯಲ್ಲ? ಒಳ್ಳೇ ಅಗಲವಾಗಿದೆ," ಎಂದಳು ಹುಡುಗಿ.

ಅದು ವಿಲ್ಫ್‌ನ ಅಜ್ಜ ಮೇಲಿನ ತುದಿಗೆ ಸೇರಿಸಿ ಕಟ್ಟಿದ ಕೋಣೆಯ ಬಾಗಿಲು. ರೋಡಾ ನನ್ನ ಮುಖ ನೋಡಿದಳು, ನಾನು ಸೂರಿನ ಕಡೆ ನೋಡಿದೆ.

"ಅದು ಮದುಮಗಳು ಒಳಗೆ ಬರೋಕೆ, ಹೆಣ ಹೊರಗೆ ಹೋಗೋಕೆ ಮಾತ್ರ ತೆಗೆಯೋದು ಕಣಮ್ಮ," ಎಂದಳು ರೋಡಾ. "ವಿಲ್ಫ್ ಇನ್ನು ಮದುಮಗಳಂತೂ ಆಗಲ್ಲ."

ಹುಡುಗಿ ನಕ್ಕಳು. ಆಮೇಲೆ ಕೇಳಿದಳು, "ಹಾಗಾದ್ರೆ ಹಸುಗಳು ಯಾವ ಕಡೆಯಿಂದ ಒಳಗೆ ಹೋಗ್ತವೆ?"

ನಾನು, ರೋಡಾ ಇಬ್ಬರೂ ತಗ್ಗಿನ ತುದಿಯ ಕೊಟ್ಟಿಗೆಯ ಕಡೆ ತಿರುಗಿದೆವು. ಹುಟ್ಟಿದಾಗಿನಿಂದ ನೋಡಿದ ಬಾಗಿಲು. ಕೊಬ್ಬಿದ ಹಸು ತಿರುಗಿ ನುಗ್ಗುವಷ್ಟು ಅಗಲ, ಹೊಸ್ತಿಲಿಲ್ಲ, ಅಂಗಳಕ್ಕೆ ಸಮ. ಒಳಗೆ ಕಲ್ಲು ಹಾಸು, ನಡುವೆ ಗಂಜಲ ಹರಿಯುವ ಕಾಲುವೆ. ಸ್ನಾನದ ನೀರಿಗೆ ಬೇರೆ ದಾರಿಯೇ ಬೇಡ. ಕೊಟ್ಟಿಗೆಯನ್ನೇ ವಿಲ್ಫ್‌ನ ಕೋಣೆ ಮಾಡಬಹುದು, ದನಗಳಿಗೆ ಅಂಗಳದಾಚೆ ತಗಡಿನ ಶೆಡ್ ಇತ್ತು.

"ಮೇವಿನ ಗೋದಲಿ, ಕಾಲುವೆ ಮುಚ್ಚಬೇಡಿ," ಎಂದಳು ಹುಡುಗಿ. "ಉಳಿದದ್ದನ್ನ ನಾನು ನೋಡ್ಕೋತೀನಿ."

ರೋಡಾ ಆಸ್ಪತ್ರೆಗೆ ಹೋಗಿ ಸುದ್ದಿ ಹೇಳಿದಾಗ ವಿಲ್ಫ್ ಗೋಡೆಯ ಕಡೆ ಮುಖ ತಿರುಗಿಸಿದನಂತೆ. "ಬರಡು ಹಸು ಥರ ನನ್ನನ್ನ ಕೊಟ್ಟಿಗೇಲಿ ಕಟ್ಟಬೇಕು ಅಂತೀಯಾ? ಅದಕ್ಕಿಂತ ಅಕ್ಕನ ಮನೇನೇ ವಾಸಿ." ಎಷ್ಟು ಹೇಳಿದರೂ ಅದೇ ಮಾತು. ರೋಡಾ ಅತ್ತಳೋ ಇಲ್ಲವೋ, ನನ್ನ ಮುಂದೆ ಅಳಲಿಲ್ಲ. "ನೀನು ಸುಣ್ಣ ಬಳಿ," ಎಂದಳು ಅಷ್ಟೇ. ದನಗಳನ್ನು ಶೆಡ್ಡಿಗೆ ಸಾಗಿಸಿದೆವು, ನಾನು ಬಳಿದೆ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಈಡಿತ್ ಅವನನ್ನು ಕಾರಿನಲ್ಲಿ ಕರೆತಂದಳು. ಓಕ್‌ಹ್ಯಾಂಪ್ಟನ್‌ಗೆ ಹೋಗುವ ದಾರಿಯಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಲ್ಲುವುದು ಎಂದು ಒಪ್ಪಂದ. ಅವನ ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟಿದ್ದರು. ಕುರ್ಚಿಯಲ್ಲಿ ಅಂಗಳಕ್ಕೆ ಇಳಿದ ವಿಲ್ಫ್ ಎಲ್ಲ ಕಡೆ ನೋಡಿದ, ಕೊಟ್ಟಿಗೆಯ ಕಡೆ ಮಾತ್ರ ನೋಡಲಿಲ್ಲ.

"ಗೇಟಿನ ಕೀಲು ಜೋತುಬಿದ್ದಿದೆಯಲ್ಲೋ ಲೆನ್."

"ನಿನ್ನ ಕಾಲದಲ್ಲೇ ಜೋತುಬಿದ್ದದ್ದು," ಎಂದೆ.

ಅಷ್ಟರಲ್ಲಿ ರೋಡಾ ಹಾಲು ಕರೆಯಲು ಹಸುಗಳನ್ನು ಹೊಡೆದುಕೊಂಡು ಬಂದಳು. ಅವೆಲ್ಲ ಶೆಡ್ಡಿಗೆ ಹೊಂದಿಕೊಂಡಿದ್ದವು, ಸಾಲಾಗಿ ಆ ಕಡೆ ತಿರುಗಿದವು. ಡಚೆಸ್ ಎಂಬ ಹಳೆಯ ಕೆಂಪು ಹಸು ಮಾತ್ರ ಯಜಮಾನನ ದನಿ ಕೇಳಿ ನಿಂತಿತು. ಬಂದು ಅವನ ಮೊಣಕಾಲು ಮೂಸಿತು. ಅವನು ಬಂದ ಮೇಲೆ ಎಲ್ಲ ಹಿಂದಿನಂತೆ ಎಂದುಕೊಂಡಿತೋ ಏನೋ, ನೆಟ್ಟಗೆ ಹಳೆಯ ಬಾಗಿಲಿನಿಂದ ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಇಲ್ಲಿ ಪ್ರತಿ ಹಸುವಿಗೂ ಅದರದೇ ಜಾಗ. ಇನ್ನೊಂದರ ಜಾಗದಲ್ಲಿ ನಿಲ್ಲುವುದಿಲ್ಲ, ತನ್ನದನ್ನು ಬಿಟ್ಟುಕೊಡುವುದಿಲ್ಲ.

"ನನ್ನ ಸುಣ್ಣ!" ಎಂದು ಹಿಂದೆ ಓಡಿದೆ. ಹಸು ಆಗಲೇ ಹೊಸ ಗೋಡೆಗೆ ಪಕ್ಕೆ ಉಜ್ಜುತ್ತಿತ್ತು. ನಾನು ಹಿಂದಿನಿಂದ ತಳ್ಳಿದೆ, ರೋಡಾ ಕೊರಳು ಹಿಡಿದು ಎಳೆದಳು. ಅದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹೊರಗಿನಿಂದ ವಿಲ್ಫ್ ಕೂಗಿದ. "ಹಾಗೆ ತಳ್ಳಿದ್ರೆ ಅವಳು ಕ್ರಿಸ್‌ಮಸ್‌ವರೆಗೂ ಅಲ್ಲೇ ನಿಂತಿರ್ತಾಳೆ. ಕೈ ಬಿಡ್ರೋ, ದಡ್ಡರಾ."

ಕುರ್ಚಿ ದೂಡಲು ಈಡಿತ್ ಮುಂದಾದಳು. ಅವನು ಅವಳ ಕೈ ಸರಿಸಿ ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಬಂದ. ಕಾಲುವೆಯ ಅಂಚಿನಲ್ಲೇ ಸಾಗಿ ಹಸುವಿನ ಪಕ್ಕ ನಿಂತು ಅದರ ತೊಡೆಗೆ ಅಂಗೈ ಇಟ್ಟ. "ಹಿಂದೆ ಬಾ ಮುದುಕಿ," ಎಂದು ಮೆಲ್ಲಗೆ ಹೇಳಿದ. ಡಚೆಸ್ ನಿಟ್ಟುಸಿರಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದು ಹೊರಗೆ ಹೋಯಿತು. ರೋಡಾ ಅದರ ಹಿಂದೆಯೇ ಹೋಗಿ ಶೆಡ್ಡಿನ ದಾರಿಗೆ ತಿರುಗಿಸಿ ಬಂದಳು.

ವಿಲ್ಫ್ ಹೊರಗೆ ಬರಲಿಲ್ಲ. ಕೊನೆಯ ಗೋಡೆಯವರೆಗೂ ಹೋದ. ಅಲ್ಲಿ ಕುರ್ಚಿಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿದ. ಯಾವುದಕ್ಕೂ ತಾಗಲಿಲ್ಲ. ಮತ್ತೊಂದು ಸಲ ತಿರುಗಿಸಿದ.

"ವಿಲ್ಫ್, ಹೊತ್ತಾಯ್ತು," ಎಂದಳು ಈಡಿತ್ ಬಾಗಿಲಲ್ಲಿ ನಿಂತು.

"ಇರೇ." ಅವನು ಗೋಡೆಯ ಕಿಂಡಿಯನ್ನು ನೋಡುತ್ತಿದ್ದ. ಸಗಣಿ ಹೊರಗೆ ಎಸೆಯಲು ಇಟ್ಟ ಕಿಂಡಿ. ಕೂತವನ ಕಣ್ಣಿಗೆ ಸಮನಾಗಿತ್ತು. ಆಚೆ ಅವನ ಕುರಿಗಳು ಮೇಯುವ ಹೊಲ, ಅದರಾಚೆ ಗುಡ್ಡ. "ಲೆನ್, ಇದಕ್ಕೆ ಗಾಜು ಹಾಕೋಕೆ ಆ ಹುಡುಗಿ ಒಪ್ತಾಳಾ?"

"ಕೇಳಿದ್ರಾಯ್ತು."

"ಸಗಣಿ ಕಿಂಡೀಲಿ ಇಣುಕಿ ನಾನು ಕುರಿ ಕಾಯಬೇಕು ಅನ್ನು."

"ನಿಮ್ಮಪ್ಪ ಇಣುಕಿದ್ದು ಅದರಲ್ಲೇ," ಎಂದಳು ರೋಡಾ. "ಗಾಜೂ ಇರಲಿಲ್ಲ."

ವಿಲ್ಫ್‌ನ ಹೆಗಲು ಅಲುಗಿದಾಗ ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಕುರ್ಚಿ ತಿರುಗಿಸಿ ಅಕ್ಕನಿಗೆ ಹೇಳಿದ, "ಟೀ ಕುಡಿದು ಹೊರಡೇ ಈಡಿತ್. ಕತ್ತಲಾದ್ರೆ ಆ ದಾರೀಲಿ ನಿನಗೆ ಕಣ್ಣು ಕಾಣಲ್ಲ."

ಈಡಿತ್ ಅವನನ್ನೇ ನೋಡಿದಳು. ಆಮೇಲೆ ಕಾರಿನ ಹತ್ತಿರ ಹೋಗಿ ಪೆಟ್ಟಿಗೆ ಇಳಿಸಿದಳು.

ಸುಣ್ಣ ಇನ್ನೂ ಹಸಿ, ಎರಡು ದಿನ ಗೋಡೆ ಮುಟ್ಟಬಾರದು ಎಂದು ನಾನು ಎಚ್ಚರಿಸಿದೆ. ಕೇಳುವವರು ಯಾರೂ ಇರಲಿಲ್ಲ. ರೋಡಾ ಆಗಲೇ ಮಹಡಿಯಿಂದ ಹಾಸಿಗೆ ಎಳೆದು ತರುತ್ತಿದ್ದಳು.